ಬ್ಯಾಟರಿ ಫುಲ್ ಸರಿ, ಹೂಳೆಷ್ಟು?

ಪೆಟ್ರೋಲ್ ಗಾಡಿಗಳ ಕಾಲದಲ್ಲಿ ನಮ್ಮ ಜನರಿಗೆ ಇದ್ದದ್ದು ಒಂದೇ ಪ್ರಶ್ನೆ. "ಎಷ್ಟು ಕೊಡುತ್ತೆ?" ಮದುವೆ ಮನೆಯಲ್ಲಿ, ಪಾರ್ಕಿಂಗಿನಲ್ಲಿ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವರಿಂದ ಕೂಡ ಇದೇ ಪ್ರಶ್ನೆ. ಈಗ ಎಲೆಕ್ಟ್ರಿಕ್ ಕಾರು ಕಂಡರೆ ಪ್ರಶ್ನೆ ಎರಡಾಗಿದೆ. "ಒಂದು ಚಾರ್ಜಿಗೆ ಎಷ್ಟು ಓಡುತ್ತೆ?" ಅನ್ನೋದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಸ್ವಲ್ಪ ದನಿ ತಗ್ಗಿಸಿ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂಬಂತೆ, "ಅಲ್ಲಾ, ಬ್ಯಾಟರಿ ಹೋದ್ರೆ?" ಅನ್ನೋದು ಎರಡನೆಯದು :)

ಕೇಳುವವರ ತಪ್ಪೇನೂ ಇಲ್ಲ. ನನ್ನ ತಕರಾರು ಇರುವುದು ಉತ್ತರ ಕೊಡುವವರ ಬಗ್ಗೆ. ಎರಡೂ ಪ್ರಶ್ನೆಗಳಿಗೆ ಮಾಲೀಕರು ತೋರಿಸುವುದು ಸ್ಟೇರಿಂಗ್ ಹಿಂದಿನ ಪರದೆಯ ಮೇಲಿನ ಒಂದೇ ಅಂಕಿಯನ್ನು. 280 ತೋರಿಸಿದರೆ ಬ್ಯಾಟರಿ ಗಟ್ಟಿ, 240 ತೋರಿಸಿದರೆ ಬ್ಯಾಟರಿ ಹೋಯ್ತು. ಆ ಅಂಕಿಗೆ ಬ್ಯಾಟರಿಯ ಆರೋಗ್ಯ ಹೇಳುವ ಯೋಗ್ಯತೆಯೇ ಇಲ್ಲ ಅನ್ನೋದು ನನ್ನ ವಾದ. ಆರೋಗ್ಯ ಹೇಳುವ ಅಂಕಿ ಬೇರೆ ಇದೆ. ಅದು ಕಾರಿಗೆ ಗೊತ್ತು, ಕಂಪನಿಗೆ ಗೊತ್ತು, ದುಡ್ಡು ಕೊಟ್ಟವನಿಗೆ ಮಾತ್ರ ಗೊತ್ತಿಲ್ಲ.

ಮೊದಲು ಜಾಹೀರಾತಿನ ಅಂಕಿಯನ್ನು ಬದಿಗೆ ಸರಿಸಿಬಿಡೋಣ. ಅದು ರೋಲರ್ ಮೇಲೆ ಕಾರು ನಿಲ್ಲಿಸಿ, ಎಸಿ ಹಾಕದೆ, ನಮ್ಮ ಹೆದ್ದಾರಿಯ ವೇಗಕ್ಕಿಂತ ನಿಧಾನವಾಗಿ ಓಡಿಸಿ ತೆಗೆದ ಲೆಕ್ಕ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕೆ ಸರಿ, ಧರ್ಮಸ್ಥಳಕ್ಕೆ ಹೊರಡುವುದಕ್ಕೆ ಅಲ್ಲ. 2024ರಲ್ಲಿ ಟಾಟಾದವರು ಕರ್ವ್ ಎಲೆಕ್ಟ್ರಿಕ್ ಕಾರು ತಂದಾಗ ದೊಡ್ಡ ಬ್ಯಾಟರಿಯ ಮಾದರಿಗೆ ಪರೀಕ್ಷೆಯ ರೇಂಜ್ 585 ಕಿ.ಮೀ. ಅಂತ ಹೇಳಿ, ಜೊತೆಗೇ ನಿಜ ರಸ್ತೆಯಲ್ಲಿ 400ರಿಂದ 425 ಸಿಗುತ್ತೆ ಅಂತಲೂ ತಾವೇ ಹೇಳಿದರು. ಅಷ್ಟು ಪ್ರಾಮಾಣಿಕತೆ ಒಳ್ಳೆಯದೇ. ದಕ್ಷಿಣ ಕೊರಿಯಾದಲ್ಲಿ ಇದಕ್ಕೆ ದಂಡವೇ ಬಿದ್ದಿದೆ. ಚಳಿಯಲ್ಲಿ ರೇಂಜ್ ಕುಸಿಯುವುದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ ಅಲ್ಲಿನ ವ್ಯಾಪಾರ ಆಯೋಗ 2023ರ ಜನವರಿಯಲ್ಲಿ ಟೆಸ್ಲಾಗೆ 285 ಕೋಟಿ ವೋನ್ ದಂಡ ಹಾಕಿತು.

ಈಗ ಪರದೆಯ ಅಂಕಿಗೆ ಬರೋಣ. ಪೆಟ್ರೋಲ್ ಗಾಡಿಯ ಮುಳ್ಳು ಟ್ಯಾಂಕಿನಲ್ಲಿ ಇರುವುದನ್ನು ತೋರಿಸುತ್ತದೆ. ಎಲೆಕ್ಟ್ರಿಕ್ ಕಾರಿನ ರೇಂಜ್ ಮುಂದೆ ಆಗಬಹುದಾದದ್ದನ್ನು ಹೇಳುತ್ತದೆ. ಅಂದರೆ ಅದು ಹವಾಮಾನ ಮುನ್ಸೂಚನೆಯ ಜಾತಿಗೆ ಸೇರಿದ್ದು. ಬ್ಯಾಟರಿಯಲ್ಲಿ ಇಷ್ಟು ಯೂನಿಟ್ ಉಳಿದಿದೆ, ಈ ಮನುಷ್ಯ ಕಳೆದ ಕೆಲವು ಹತ್ತು ಕಿಲೋಮೀಟರ್ ಒಂದು ಯೂನಿಟ್ಟಿಗೆ ಇಷ್ಟು ದೂರ ಓಡಿಸಿದ್ದಾನೆ, ಇನ್ನು ಮುಂದೆಯೂ ಹೀಗೇ ಓಡಿಸಿದರೆ ಇಷ್ಟು ದೂರ ಹೋಗಬಹುದು. ಇಷ್ಟೇ ಅದರ ಲೆಕ್ಕ. ಕೆಲವು ಕಾರುಗಳು ಎಸಿ, ಹೊರಗಿನ ಬಿಸಿಲು, ಹೋಗಬೇಕಾದ ಊರಿನ ದಾರಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತವೆ. ಆದರೂ ಅದು ಊಹೆಯೇ. ಇಂಗ್ಲಿಷಿನವರು ಇದಕ್ಕೆ ತಮಾಷೆಯಾಗಿ 'ಗೆಸ್-ಓ-ಮೀಟರ್' ಅಂತಾರೆ. ನಾವು ಅಂದಾಜು ಮೀಟರ್ ಅಂತ ಕರೆಯೋಣ.

ಇದರ ಆಟ ನೋಡಬೇಕಾದರೆ ಶಿರಾಡಿ ಘಾಟಿಗೆ ಹೋಗಬೇಕು. ಸಕಲೇಶಪುರದಿಂದ ಕೆಳಗೆ ಇಳಿಯುತ್ತಾ ಹೋದಂತೆ ಮೋಟಾರು ತಿರುಗುಮುರುಗಾಗಿ ಕೆಲಸ ಮಾಡಿ ಬ್ಯಾಟರಿಗೇ ಕರೆಂಟ್ ತುಂಬುತ್ತದೆ. ಕಾರು ನೋಡುತ್ತದೆ, "ಅರೆ, ಈ ಪುಣ್ಯಾತ್ಮ ಏನೂ ಖರ್ಚೇ ಮಾಡದೆ ಓಡಿಸ್ತಾನಲ್ಲ!" ಅಂತ ಖುಷಿಯಾಗಿ 180 ಇದ್ದ ರೇಂಜನ್ನು 220ಕ್ಕೆ ಏರಿಸುತ್ತದೆ. ವಾಪಸ್ ಬರುವಾಗ ಅದೇ ಘಾಟಿ ಹತ್ತಬೇಕು. ಜನ, ಸಾಮಾನು ಸೇರಿ 1,800 ಕೆ.ಜಿ. ತೂಕದ ಕಾರನ್ನು 800 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಸುಮಾರು 4 ಯೂನಿಟ್ ಬೇಕು. ರಸ್ತೆಯ ಮೇಲೆ ಉರುಳುವುದಕ್ಕೆ, ಗಾಳಿಯನ್ನು ಸೀಳುವುದಕ್ಕೆ ತಗಲುವುದು ಬೇರೆ. ಬಯಲಲ್ಲಿ ಹೆಚ್ಚುಕಡಿಮೆ 28 ಕಿ.ಮೀ. ಓಡಿಸಬಹುದಾದ ವಿದ್ಯುತ್ತು ಬರೀ ಎತ್ತುವುದಕ್ಕೆ ಹೋಯಿತು. ಇಳಿಯುವಾಗ ತುಂಬಿಕೊಂಡದ್ದು ಇದನ್ನು ಪೂರ್ತಿ ಸರಿದೂಗಿಸುವುದಿಲ್ಲ. ಹತ್ತು ಕಿ.ಮೀ. ಓಡುವಷ್ಟರಲ್ಲಿ ರೇಂಜ್ ನಲವತ್ತು ಇಳಿಯುತ್ತದೆ, ಎದೆ ಢವಢವ ಅನ್ನುತ್ತದೆ. ಮರುದಿನ ವಾಟ್ಸಾಪ್ ಗುಂಪಿನಲ್ಲಿ "ಒಂದೇ ವರ್ಷಕ್ಕೆ ನನ್ನ ಬ್ಯಾಟರಿ ಕೂತುಹೋಯ್ತು" ಅಂತ ಫೋಟೋ ಸಮೇತ ಬರುತ್ತದೆ. ಬ್ಯಾಟರಿಗೆ ಏನೂ ಆಗಿಲ್ಲ ಸ್ವಾಮಿ, ಘಾಟಿ ಆಗಿದೆ ಅಷ್ಟೇ.

ಎಲ್ಲ ಕಾರುಗಳ ಅಂದಾಜೂ ಒಂದೇ ಥರ ಅಲ್ಲ ಅನ್ನೋದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. ಟೆಸ್ಲಾದಲ್ಲಿ ಬ್ಯಾಟರಿ ಚಿತ್ರದ ಪಕ್ಕದ ಅಂಕಿ ನೀವು ಹೇಗೆ ಓಡಿಸುತ್ತೀರಿ ಅಂತ ನೋಡುವುದಿಲ್ಲ, ಸರ್ಕಾರಿ ಪರೀಕ್ಷೆಯ ದರ ಹಿಡಿದು ಗುಣಿಸುತ್ತದೆ. ಅಲ್ಲಿ ನೂರು ಪರ್ಸೆಂಟ್ ಚಾರ್ಜಿನ ಅಂಕಿ ವರ್ಷದಿಂದ ವರ್ಷಕ್ಕೆ ಇಳಿದರೆ ಬ್ಯಾಟರಿ ಸವೆದಿರಬಹುದು ಅನ್ನಲು ಸ್ವಲ್ಪವಾದರೂ ಆಧಾರ ಇದೆ. ಆ ಅಂಕಿಯ ಮೇಲೂ ಅನುಮಾನ ಬಂದದ್ದುಂಟು. ಸುಮಾರು ಹತ್ತು ವರ್ಷ ಹಿಂದೆ ಟೆಸ್ಲಾ ತನ್ನ ಪರದೆಯಲ್ಲಿ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದಾಗ ಬಣ್ಣ ಹಚ್ಚಿದ ರೇಂಜನ್ನೂ ಅರ್ಧಕ್ಕಿಂತ ಕೆಳಗಿಳಿದಾಗ ವಾಸ್ತವಕ್ಕೆ ಹತ್ತಿರದ್ದನ್ನೂ ತೋರಿಸುವಂತೆ ತಂತ್ರಾಂಶ ಬರೆದಿತ್ತು ಅಂತ ರಾಯ್ಟರ್ಸ್ 2023ರ ಜುಲೈಯಲ್ಲಿ ವರದಿ ಮಾಡಿತು. ನಮ್ಮ ರಸ್ತೆಯಲ್ಲಿ ಕಾಣುವ ಹೆಚ್ಚಿನ ಕಾರುಗಳಂತೂ ನಿಮ್ಮ ಕಾಲಿನ ಭಾರ ನೋಡಿಯೇ ಅಂಕಿ ಹೇಳುವಂಥವು. ಅಲ್ಲಿ ಇಳಿದದ್ದು ಬ್ಯಾಟರಿಯೋ, ಏರಿದ್ದು ನಿಮ್ಮ ವೇಗವೋ ಅಂತ ಬೇರ್ಪಡಿಸಲು ಆಗುವುದಿಲ್ಲ.

ಹಾಗಾದರೆ ಸವೆತ ಅಂದರೆ ಏನು? ಇದಕ್ಕೆ ತುಂಗಭದ್ರಾ ಡ್ಯಾಮಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಹೊಸಪೇಟೆಯ ಆ ಜಲಾಶಯದ ಪೂರ್ಣ ಮಟ್ಟ 1,633 ಅಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಆ ಮಟ್ಟಕ್ಕೆ ಹಿಡಿಯುತ್ತಿದ್ದದ್ದು 132 ಟಿಎಂಸಿ ಚಿಲ್ಲರೆ. 2016ರ ಸರ್ವೆ ಪ್ರಕಾರ ಅದೇ 1,633 ಅಡಿಗೆ ಹಿಡಿಯುವುದು 105.79 ಟಿಎಂಸಿ. ಅಡಿ ಅಷ್ಟೇ ಇದೆ. ಸುಮಾರು 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಪೇಪರಿನಲ್ಲಿ ದಿನಾ ಬರುವ ಜಲಾಶಯದ ಮಟ್ಟ ನೋಡಿದವನಿಗೆ ಇದು ಗೊತ್ತಾಗುವುದಿಲ್ಲ. ಮಟ್ಟ ಪೂರ್ತಿ ಮುಟ್ಟಿದರೆ "ಜಲಾಶಯ ಭರ್ತಿ" ಅಂತಲೇ ಬರುತ್ತದೆ. ಭರ್ತಿ ಆಗಿರುವುದೂ ನಿಜವೇ.

ಕಾರಿನ ಪರ್ಸೆಂಟೇಜು ಈ ಅಡಿಯ ಲೆಕ್ಕದ ಹಾಗೆ. ಇವತ್ತಿನ ಬ್ಯಾಟರಿ ಎಷ್ಟು ಹಿಡಿಯುತ್ತದೋ ಅದರಲ್ಲಿ ಎಷ್ಟು ತುಂಬಿದೆ ಅಂತ ಮಾತ್ರ ಹೇಳುತ್ತದೆ. ಐದು ವರ್ಷದ ಹಳೇ ಬ್ಯಾಟರಿಯೂ ಬೆಳಗ್ಗೆ ನೂರು ಪರ್ಸೆಂಟ್ ಅಂತಲೇ ತೋರಿಸುತ್ತದೆ. ಮನೆಯ ಇನ್ವರ್ಟರ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ತಂದ ಹೊಸದರಲ್ಲಿ ನಾಲ್ಕು ಗಂಟೆ ಫ್ಯಾನು ತಿರುಗಿಸುತ್ತಿದ್ದ ಬ್ಯಾಟರಿ, ಮೂರು ವರ್ಷ ಕಳೆದ ಮೇಲೆ ಹಸಿರು ದೀಪ ತೋರಿಸುತ್ತಲೇ ಒಂದೂವರೆ ಗಂಟೆಗೆ ಕುಂಯ್ ಅಂದು ಮಲಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ರಸ್ತೆಗೆ ಬಂದ ರೇವಾ ಕಾರಿನಲ್ಲಿ ಇದ್ದದ್ದೂ ಇದೇ ಕುಲದ ಸೀಸದ ಬ್ಯಾಟರಿ. "ಎಲೆಕ್ಟ್ರಿಕ್ ಅಂದ್ರೆ ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು" ಅನ್ನುವ ನಮ್ಮ ಊರಿನ ಭಯಕ್ಕೆ ಬೇರು ಅಲ್ಲೇ ಇರಬೇಕು ಅನ್ನಿಸುತ್ತದೆ. ಈಗಿನ ಲಿಥಿಯಂ ಬ್ಯಾಟರಿಗೆ ಆ ಭಯವನ್ನು ಹಾಗೇ ಅಂಟಿಸುವುದು ಅನ್ಯಾಯ.

ಎರಡು ಲೆಕ್ಕ ಬೆರೆತರೆ ಏನಾಗುತ್ತದೆ ನೋಡಿ. ಬಳಸಲು 40 ಯೂನಿಟ್ ಸಿಗುವ ಹೊಸ ಕಾರು, ಯೂನಿಟ್ಟಿಗೆ 7 ಕಿ.ಮೀ. ಓಡಿಸುವ ಮನುಷ್ಯ, ಪರದೆಯಲ್ಲಿ 280. ಅದೇ ಮಾದರಿಯ ಹಳೇ ಕಾರು, ಹತ್ತು ಪರ್ಸೆಂಟ್ ಸವೆದು 36 ಯೂನಿಟ್ಟಿಗೆ ಇಳಿದಿದೆ. ಆದರೆ ಓಡಿಸುವವನು ಊರೊಳಗೆ ನಿಧಾನವಾಗಿ ಯೂನಿಟ್ಟಿಗೆ 8ರಂತೆ ಓಡಿಸುತ್ತಾನೆ. ಪರದೆಯಲ್ಲಿ 288. ಸವೆದ ಕಾರು ಹೊಸದಕ್ಕಿಂತ ಎಂಟು ಕಿಲೋಮೀಟರ್ ಜಾಸ್ತಿ ತೋರಿಸಿತು! ಹೊಸ ಕಾರಿನವನು ಹೆದ್ದಾರಿಯಲ್ಲಿ ನೂರರ ಮೇಲೆ ಎಳೆದು ಯೂನಿಟ್ಟಿಗೆ ಐದೂವರೆ ತೆಗೆದರೆ ಅವನ ಪರದೆಯಲ್ಲಿ 220. ಇಬ್ಬರಲ್ಲಿ ಕಂಗಾಲಾಗುವವನು ಯಾರು, ಹೇಳಿ?

ಈ ಹೂಳಿನ ಲೆಕ್ಕವನ್ನು ಮಾಲೀಕನ ಕಣ್ಣೆದುರಿಗೇ ಇಟ್ಟ ಕಾರೊಂದಿತ್ತು. ನಿಸ್ಸಾನ್ ಲೀಫ್. 2010ರ ಕೊನೆಗೆ ಅಮೆರಿಕ, ಜಪಾನುಗಳಲ್ಲಿ ಮಾರಾಟಕ್ಕೆ ಬಂತು. 24 ಯೂನಿಟ್ಟಿನ ಬ್ಯಾಟರಿ. ಅದರ ಪರದೆಯಲ್ಲಿ ಚಾರ್ಜ್ ತೋರಿಸುವ ಹನ್ನೆರಡು ಗೆರೆಗಳ ಪಕ್ಕದಲ್ಲಿ ಇನ್ನೂ ಹನ್ನೆರಡು ಸಣ್ಣ ಗೆರೆಗಳಿದ್ದವು. ಅವು ಬ್ಯಾಟರಿಯ ಸಾಮರ್ಥ್ಯದ ಗೆರೆಗಳು, ಚಾರ್ಜ್ ಮಾಡಿದರೆ ತುಂಬುವಂಥವಲ್ಲ. ಮೊದಲ ಗೆರೆ ಅಳಿಸಬೇಕಾದರೆ ಸುಮಾರು 15 ಪರ್ಸೆಂಟ್ ಸಾಮರ್ಥ್ಯ ಹೋಗಿರಬೇಕು. ಆಮೇಲೆ ಒಂದೊಂದಕ್ಕೂ ಆರು ಪರ್ಸೆಂಟ್ ಚಿಲ್ಲರೆ. ಮೊದಲ ಗೆರೆಗೆ ಅಷ್ಟು ಧಾರಾಳ, ಉಳಿದವಕ್ಕೆ ಬಿಗಿ. ಅಳತೆಗೋಲಿನ ಮೊದಲ ಇಂಚನ್ನು ಎರಡೂವರೆ ಇಂಚು ಮಾಡಿದ ಹಾಗೆ!

ಲೀಫಿನ ಬ್ಯಾಟರಿಗೆ ತಂಪು ಮಾಡುವ ನೀರಿನ ಕೊಳವೆಗಳು ಇರಲಿಲ್ಲ, ತಾನಾಗಿ ಆರಬೇಕಿತ್ತು. ಅರಿಜೋನಾದ ಫೀನಿಕ್ಸ್ ಊರು ಗೊತ್ತಲ್ಲ, ಬೇಸಿಗೆಯಲ್ಲಿ ನಮ್ಮ ರಾಯಚೂರು, ಕಲಬುರಗಿಗೂ ಒಂದು ಕೈ ಮೇಲು. 2012ರ ಹೊತ್ತಿಗೆ ಅಲ್ಲಿನ ಮಾಲೀಕರ ಪರದೆಗಳಲ್ಲಿ ಆ ಸಣ್ಣ ಗೆರೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಮಾಲೀಕರು ಒಟ್ಟಾದರು, ಕೋರ್ಟಿಗೆ ಹೋದರು. ಕೊನೆಗೆ ಕಂಪನಿ 5 ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ರಿಪೇರಿ ಮಾಡಿಕೊಡುವ ವಾರಂಟಿಯನ್ನು ಸೇರಿಸಿತು. 2025ರಲ್ಲಿ ಬಂದ ಮೂರನೇ ತಲೆಮಾರಿನ ಲೀಫಿಗೆ ಕೊನೆಗೂ ದ್ರವದಿಂದ ತಂಪು ಮಾಡುವ ವ್ಯವಸ್ಥೆ ಬಂದಿದೆ.

ಈ ಕಥೆಯನ್ನು ಎಲ್ಲರೂ ಲೀಫಿನ ಬ್ಯಾಟರಿ ಕೆಟ್ಟದು ಅಂತ ಹೇಳಲು ಬಳಸುತ್ತಾರೆ. ನನಗೆ ಕಾಣುವುದೇ ಬೇರೆ. ಆ ಗೆರೆಗಳು ಇಲ್ಲದೇ ಇದ್ದಿದ್ದರೆ? ಫೀನಿಕ್ಸಿನ ಮಾಲೀಕರು "ಬಿಸಿಲಿಗೆ ಎಸಿ ಜಾಸ್ತಿ ಹಾಕ್ತೀವಿ, ಅದಕ್ಕೇ ರೇಂಜ್ ಕಮ್ಮಿ" ಅಂದುಕೊಂಡು ಸುಮ್ಮನಿರುತ್ತಿದ್ದರು. ಗೆರೆ ಇದ್ದದ್ದರಿಂದ ಜಗಳ ಆಯಿತು, ಜಗಳ ಆದದ್ದರಿಂದ ವಾರಂಟಿ ಬಂತು. ಲೀಫ್ ಆದಮೇಲೆ ಬಂದ ಬಹುಪಾಲು ಕಾರುಗಳ ಪರದೆಯಲ್ಲಿ ಅಂಥ ಗೆರೆಗಳ ಸಾಲೇ ಇಲ್ಲ. ಅದು ಆಕಸ್ಮಿಕ ಅಂತ ನಂಬುವಷ್ಟು ಮುಗ್ಧ ನಾನಲ್ಲ.

ಹೂಳು ಎಲ್ಲಿಂದ ಬರುತ್ತೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ, ಅದೇ ಒಂದು ಪುಸ್ತಕವಾದೀತು. ಬ್ಯಾಟರಿಯೊಳಗೆ ಓಡಾಡಬೇಕಾದ ಲಿಥಿಯಂನಲ್ಲಿ ಸ್ವಲ್ಪ ಸ್ವಲ್ಪವೇ ಒಂದು ಪದರವಾಗಿ ಅಂಟಿಕೊಂಡು ಸಿಕ್ಕಿಬೀಳುತ್ತದೆ. ಸ್ನಾನದ ಹಂಡೆಯೊಳಗೆ ಸುಣ್ಣ ಕಟ್ಟುತ್ತದಲ್ಲ, ಹಾಗೆ. ಓಡಿಸಿದರೂ ಸವೆಯುತ್ತದೆ, ಸುಮ್ಮನೆ ನಿಲ್ಲಿಸಿದರೂ ಸವೆಯುತ್ತದೆ. ಬಿಸಿ ಜಾಸ್ತಿಯಾದರೆ ಬೇಗ. ಪೂರ್ತಿ ತುಂಬಿಸಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಇನ್ನೂ ಬೇಗ. ಮೊದಲ ಒಂದೆರಡು ವರ್ಷ ಇಳಿತ ಸ್ವಲ್ಪ ಚುರುಕು, ಆಮೇಲೆ ನಿಧಾನ. ಜಿಯೋಟ್ಯಾಬ್ ಅನ್ನುವ ಕಂಪನಿ ಸಾವಿರಾರು ವಾಹನಗಳ ದತ್ತಾಂಶ ನೋಡಿ ಕೊಟ್ಟ ಸರಾಸರಿ 2020ರಲ್ಲಿ ವರ್ಷಕ್ಕೆ 2.3 ಪರ್ಸೆಂಟ್, 2024ರಲ್ಲಿ 1.8. ವರ್ಷಕ್ಕೆ ಎರಡರ ಆಸುಪಾಸು ಅಂತ ಇಟ್ಟುಕೊಳ್ಳಿ, ನಿದ್ದೆ ಕೆಡಿಸಿಕೊಳ್ಳುವಂಥದ್ದಲ್ಲ. ಡ್ಯಾಮಿಗೆ ಡೆಡ್ ಸ್ಟೋರೇಜ್ ಇರುವ ಹಾಗೆ ಕಂಪನಿಗಳು ಬ್ಯಾಟರಿಯಲ್ಲೂ ಒಂದಷ್ಟನ್ನು ನಮ್ಮ ಕೈಗೆ ಸಿಗದಂತೆ ಇಟ್ಟಿರುತ್ತವೆ. ಇನ್ನೊಂದು ವಿಷಯ. ಎಲ್‌ಎಫ್‌ಪಿ ಬ್ಯಾಟರಿಗಳಲ್ಲಿ ಅರ್ಧ ತುಂಬಿದಾಗಲೂ ಮುಕ್ಕಾಲು ತುಂಬಿದಾಗಲೂ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಇರುವುದರಿಂದ ಕಾರಿಗೇ ಲೆಕ್ಕ ತಪ್ಪುತ್ತದೆ. ಆಗಾಗ ನೂರಕ್ಕೆ ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ. ಅದಕ್ಕೇ ಅಂಥ ಕಾರುಗಳಿಗೆ ಕಂಪನಿಯವರೇ ಹಾಗೆ ಮಾಡಿ ಅಂತ ಹೇಳುವುದು. "80ರ ಮೇಲೆ ಹಾಕಲೇಬಾರದು" ಅಂತ ಎಲ್ಲ ಕಾರಿಗೂ ಒಂದೇ ಮಂತ್ರ ಹೇಳುವ ವಾಟ್ಸಾಪ್ ಗುರುಗಳು ಸ್ವಲ್ಪ ಕೈಪಿಡಿ ಓದಿಕೊಂಡರೆ ಒಳ್ಳೆಯದು.

ಸರಾಸರಿ ಇಷ್ಟು ಚೆನ್ನಾಗಿರುವಾಗ ನನಗೇಕೆ ಉರಿ ಅಂತೀರಾ? ಸರಾಸರಿಯನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ಕೊಳ್ಳುವುದು ಒಂದು ಕಾರನ್ನು.

ಹಾಸನದಲ್ಲಿರುವ ನಮ್ಮ ಚಿಕ್ಕಪ್ಪ ರಿಟೈರಾದ ಮೇಲೆ ಬಂದ ದುಡ್ಡಿನಲ್ಲಿ ಐದು ವರ್ಷದ ಒಂದು ಹಳೇ ಎಲೆಕ್ಟ್ರಿಕ್ ಕಾರು ನೋಡಿದರು. ಫೋನ್ ಮಾಡಿ, "ಏನಯ್ಯ, ಫುಲ್ ಚಾರ್ಜಿಗೆ 270 ತೋರಿಸ್ತಾ ಇದೆ ಕಣೋ. ಹೊಸದೇ 280 ಅಂತೆ. ಬ್ಯಾಟರಿ ಕಲ್ಲುಗುಂಡು ಅಂತಾನೆ ಮಾರೋನು" ಅಂದರು. ಬ್ಯಾಟರಿ ಆರೋಗ್ಯದ ರಿಪೋರ್ಟ್ ಕೇಳಿ ಚಿಕ್ಕಪ್ಪ ಅಂದೆ. ಸರ್ವಿಸ್ ಸೆಂಟರಿನಲ್ಲಿ ಕೇಳಿದ್ದಕ್ಕೆ, ಅದು ಕಂಪನಿಯ ಒಳಗಿನ ಮಾಹಿತಿ, ಬರವಣಿಗೆಯಲ್ಲಿ ಕೊಡಲು ಬರುವುದಿಲ್ಲ ಅಂದರಂತೆ. ಕಾರು ಯಾರದು, ಮಾಹಿತಿ ಯಾರದು!

ಕೊನೆಗೆ ಹಳ್ಳಿ ಲೆಕ್ಕಕ್ಕೇ ಇಳಿದೆವು. ಮಾರುವವನು ಗೊಣಗುತ್ತಲೇ ಒಪ್ಪಿದ. ನೂರಕ್ಕೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಹಾಸನದಿಂದ ಬೇಲೂರು, ಅಲ್ಲಿಂದ ಸಕಲೇಶಪುರ, ಮತ್ತೆ ಹಾಸನ. ಹೊರಟಲ್ಲಿಗೇ ಬಂದು ನಿಲ್ಲಬೇಕು, ಆಗ ಏರಿಳಿತದ ತಕರಾರು ಇರುವುದಿಲ್ಲ. ಊರೊಳಗಿನ ಒಂದೆರಡು ಸುತ್ತೂ ಸೇರಿ 120 ಕಿ.ಮೀ. ಓಡಿತು, ಟ್ರಿಪ್ ಮೀಟರ್ ಯೂನಿಟ್ಟಿಗೆ 6 ಕಿ.ಮೀ. ಅಂದಿತು, ಬ್ಯಾಟರಿ ನೂರರಿಂದ 40ಕ್ಕೆ ಇಳಿಯಿತು. ಅಂದರೆ 60 ಪರ್ಸೆಂಟಿಗೆ 20 ಯೂನಿಟ್. ನೂರಕ್ಕೆ 33 ಚಿಲ್ಲರೆ. ಹೊಸದರಲ್ಲಿ ಬಳಕೆಗೆ ಸಿಗುತ್ತಿದ್ದದ್ದು 40. ಸವೆತ ಸುಮಾರು 17 ಪರ್ಸೆಂಟ್. ಕರಾರುವಾಕ್ಕು ಅಲ್ಲ, ಒಂದೆರಡು ಪರ್ಸೆಂಟ್ ಆಚೀಚೆ ಇರಬಹುದು. ಆದರೆ ಕಲ್ಲುಗುಂಡಂತೂ ಅಲ್ಲ. ಹಿಂದಿನವರು ಊರೊಳಗೇ ಓಡಿಸಿದ್ದರಿಂದ ಪರದೆಯಲ್ಲಿ 270 ಬಂದಿತ್ತು ಅಷ್ಟೇ. ಈ ಚೀಟಿ ಮುಂದಿಟ್ಟ ಮೇಲೆ ಮಾರುವವನು ಬೆಲೆ ಇಳಿಸಿದ, ಚಿಕ್ಕಪ್ಪ ತೆಗೆದುಕೊಂಡರು. ಕಾರು ಚೆನ್ನಾಗಿಯೇ ಓಡುತ್ತಿದೆ. ಆದರೆ ಹಳೇ ಕಾರು ಕೊಳ್ಳುವ ಪ್ರತಿಯೊಬ್ಬರೂ ಬೇಲೂರು ಸುತ್ತಬೇಕೇ?

ವಾರಂಟಿ ಇದೆಯಲ್ಲ ಅನ್ನಬೇಡಿ. ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಒಳಗೆ 70 ಪರ್ಸೆಂಟಿಗಿಂತ ಕೆಳಗೆ ಇಳಿದರೆ ಮಾತ್ರ ಅದು ಕೆಲಸಕ್ಕೆ ಬರುವುದು. 71ಕ್ಕೆ ನಿಂತರೆ ನಿಮ್ಮ ಹಣೆಬರಹ. ಅಳೆಯುವವರೂ ಅವರೇ, ತೀರ್ಪು ಕೊಡುವವರೂ ಅವರೇ. ಈಚೆಗೆ ಕೆಲವು ಕಂಪನಿಗಳು ಜೀವಮಾನದ ವಾರಂಟಿ ಅಂತ ಕೊಡುತ್ತಿವೆ. ಸಣ್ಣ ಅಕ್ಷರ ಓದಿದರೆ ಅದು ಮೊದಲ ಮಾಲೀಕರಿಗೆ ಮಾತ್ರ ಅಂತಿರುತ್ತದೆ. ನಮ್ಮ ಚಿಕ್ಕಪ್ಪನಂಥವರು ಲೆಕ್ಕಕ್ಕೇ ಇಲ್ಲ.

ಇದೇನು ಆಗದ ಕೆಲಸ ಅಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರಲ್ಲೇ ಬ್ಯಾಟರಿ ಬಾಳಿಕೆಗೆ ಒಂದು ಜಾಗತಿಕ ನಿಯಮ ಮಾಡಿದೆ. 5 ವರ್ಷ ಅಥವಾ 1,00,000 ಕಿ.ಮೀ.ಗೆ ಕನಿಷ್ಠ 80 ಪರ್ಸೆಂಟ್, 8 ವರ್ಷ ಅಥವಾ 1,60,000 ಕಿ.ಮೀ.ಗೆ 70 ಪರ್ಸೆಂಟ್ ಉಳಿದಿರಬೇಕು. ಅದಕ್ಕಿಂತ ಮುಖ್ಯವಾಗಿ, ಉಳಿದ ಸಾಮರ್ಥ್ಯ ಎಷ್ಟು ಅಂತ ಕಾರು ತಾನೇ ಲೆಕ್ಕ ಇಟ್ಟು ಮಾಲೀಕನಿಗೆ ತಿಳಿಸಬೇಕು. ಯುರೋಪಿನವರು 2024ರ ಯುರೋ 7 ಕಾನೂನಿನಲ್ಲಿ ಇದನ್ನು ಸೇರಿಸಿಕೊಂಡು ಎರಡನೇ ಮಿತಿಯನ್ನು 72ಕ್ಕೆ ಏರಿಸಿದ್ದಾರೆ. ಅಲ್ಲಿನ ಹೊಸ ಮಾದರಿಗಳಿಗೆ ಅದು 2026ರ ನವೆಂಬರ್ 29ರಿಂದ ಅನ್ವಯ. ನಮ್ಮಲ್ಲಿ 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮಗಳು ಬಿಗಿಯಾದವು. ಬೆಂಕಿ ಕಣ್ಣಿಗೆ ಕಾಣುತ್ತದೆ, ಹೂಳು ಕಾಣುವುದಿಲ್ಲ. ಹಾಗಾಗಿ ಈ ವಿಷಯಕ್ಕೆ ಗಲಾಟೆಯೂ ಇಲ್ಲ.

ನಾನು ಕೇಳುತ್ತಿರುವುದು ಬಹಳ ಸಣ್ಣದು. ಪರದೆಯ ಯಾವುದೋ ಮೂಲೆಯಲ್ಲಿ, ನಾಲ್ಕು ಸಲ ಒತ್ತಿದ ಮೇಲಾದರೂ ಸರಿ, "ಹೊಸದರಲ್ಲಿ 40 ಯೂನಿಟ್, ಈಗ 34" ಅಂತ ಒಂದು ಸಾಲು. ಆರ್‌ಸಿ ವರ್ಗಾವಣೆಯ ಹೊತ್ತಿಗೆ ಅದರ ಒಂದು ಪ್ರಿಂಟು. ತುಂಗಭದ್ರೆಯ ಹೂಳನ್ನು ಅಳೆದು ಊರಿಗೆಲ್ಲ ಹೇಳುವುದು ಸಾಧ್ಯವಾದರೆ, ಸಾವಿರಗಟ್ಟಲೆ ಸಲ ತನ್ನನ್ನು ತಾನೇ ಅಳೆದುಕೊಳ್ಳುವ ಕಾರಿಗೆ ಒಂದು ಸಾಲು ಭಾರವೇ?

ಅಲ್ಲಿಯವರೆಗೆ ಬೇಲೂರು ಲೆಕ್ಕವೇ ಗತಿ. ನಿಮ್ಮಲ್ಲಿ ಯಾರ ಬಳಿಯಾದರೂ ಎಲೆಕ್ಟ್ರಿಕ್ ಕಾರಿದ್ದರೆ ಒಂದು ಭಾನುವಾರ ಹೀಗೆ ಓಡಿಸಿ, ಕಾರಿನ ವಯಸ್ಸು, ಓಡಿದ ಕಿಲೋಮೀಟರ್, ಊರು, ಮನೆಯಲ್ಲಿ ಚಾರ್ಜ್ ಮಾಡುತ್ತೀರೋ ದಾರಿಯ ಫಾಸ್ಟ್ ಚಾರ್ಜರಿನಲ್ಲೋ, ಲೆಕ್ಕಕ್ಕೆ ಬಂದ ಯೂನಿಟ್ ಎಷ್ಟು, ಇಷ್ಟನ್ನು ಬರೆದು ಹಾಕಿ. ರೇಂಜ್ ಎಷ್ಟು ತೋರಿಸುತ್ತೆ ಅಂತ ಮಾತ್ರ ಬರೆಯಬೇಡಿ :)